ಅಪ್ಪನ ಫೋಟೋ ಹಿಂದಿನ ಗಾರೆ

ಗೋಡೆ ಕೊರೆಯುವಾಗ ಇಟ್ಟಿಗೆಯ ಪುಡಿ ಬಿಸಿಯಾಗಿ ಒಂದು ವಾಸನೆ ಬರುತ್ತದೆ. ಮಣ್ಣಿನದೂ ಅಲ್ಲ, ಕಬ್ಬಿಣದ್ದೂ ಅಲ್ಲ. ಹೋದ ವಾರ ನೀರಿನ ಫಿಲ್ಟರ್ ಕೂರಿಸಲು ಬಂದವನು ಅಡುಗೆಮನೆ ಗೋಡೆಗೆ ಡ್ರಿಲ್ ಇಟ್ಟಾಗ ಆ ವಾಸನೆ ನಡುಮನೆಗೂ ಬಂತು. ನಾನು ಎದ್ದು ಹೊರಗೆ ಹೋಗಿ ಕೂತೆ. ಧೂಳು ತಡೆಯಲಾರದೆ ಎದ್ದರು ಎಂದುಕೊಂಡಳು ಸೊಸೆ. ಧೂಳಲ್ಲ... ಅಣ್ಣ.

ಎಂಬತ್ತರ ದಶಕದ ಮಾತು. ಬಾಗಲಗುಂಟೆಯಲ್ಲಿ ಆಗಿನ್ನೂ ರಾಗಿ ಹೊಲಗಳಿದ್ದವು. ಪೀಣ್ಯದ ಕಾರ್ಖಾನೆಗಳ ಸೈರನ್ ಕೇಳಿ ಅವ್ವ ಒಲೆ ಹಚ್ಚುತ್ತಿದ್ದಳು. ನಾನು ಏಳನೇ ಕ್ಲಾಸಿಗೇ ಓದು ಬಿಟ್ಟು ಅಲ್ಲಿನ ಒಂದು ಶೆಡ್ಡಿನಲ್ಲಿ ಕೆಲಸಕ್ಕಿದ್ದೆ. ಅಣ್ಣ ವೈರಿಂಗ್ ಕೆಲಸದವನು. ಅಪ್ಪ ಸತ್ತ ಮೇಲೆ ನಾವಿಬ್ಬರೂ ಹಳೇ ಮಣ್ಣಿನ ಮನೆ ಕೆಡವಿ ಇಟ್ಟಿಗೆ ಮನೆ ಕಟ್ಟಿದೆವು. ಆಗೆಲ್ಲ ಗೋಡೆಯ ಮೇಲೆ ಮರದ ಪಟ್ಟಿ ಹೊಡೆದು ವೈರು ಎಳೆಯುತ್ತಿದ್ದರು. ಅಣ್ಣ ಗೋಡೆ ಕೊರೆದು, ಪೈಪು ಹೂತು, ಅದರೊಳಗೆ ವೈರು ಬಿಟ್ಟು ಮೇಲೆ ಗಾರೆ ಹಾಕಿಸಿದ. ನಮ್ಮ ಬೀದಿಯಲ್ಲಿ ಅಂಥದ್ದು ಅದೇ ಮೊದಲು. ಪಕ್ಕದ ಮನೆಯ ಅಜ್ಜ ಬಂದು ಗೋಡೆಗೆ ಕಿವಿಯಿಟ್ಟು, "ಕರೆಂಟು ಎಲ್ಲಿಂದ ಬತ್ತದೆ ಅಂತ್ಲೇ ಗೊತ್ತಾಗಕಿಲ್ವಲ್ಲೋ!" ಎಂದ. ಅಣ್ಣನನ್ನು ಕರೆಯುವ ಮನೆಗಳು ಹೆಚ್ಚಾದವು. ನನಗದನ್ನು ಸಹಿಸಲಾಗಲಿಲ್ಲ. ಹೊಟ್ಟೆಕಿಚ್ಚು, ಮತ್ತೇನಲ್ಲ.

ನನಗೆ ಅವನು ಒಂದೇ ಮಾತು ಹೇಳಿದ್ದ. "ಸ್ವಿಚ್ಚಿನಿಂದ ನೆಟ್ಟಗೆ ಮೇಲಕ್ಕೆ ಎಲ್ಲೂ ಮೊಳೆ ಹೊಡೀಬೇಡ ಕಣೋ. ಅಲ್ಲಿ ಬಾವಿ ಐತೆ ಅಂದ್ಕೋ."

ಆ ವರ್ಷದ ಆಯುಧಪೂಜೆಯ ಬೆಳಗ್ಗೆ ಅಣ್ಣ ತನ್ನ ಕಟಿಂಗ್ ಪ್ಲೇಯರ್, ಟೆಸ್ಟರ್, ವೈರಿಗೆ ಸುತ್ತುವ ಟೇಪಿನ ಸುರುಳಿ ಎಲ್ಲವನ್ನೂ ಒರೆಸಿ, ದೇವರ ಮುಂದೆ ಮಣೆಯ ಮೇಲಿಟ್ಟು, ವಿಭೂತಿ ಕುಂಕುಮ ಹಚ್ಚಿದ. ಮಾರನೆಯ ದಿನ ಅವ್ವ ದೀಪ ಹಚ್ಚಿ ಎತ್ತಿಕೊಡುವವರೆಗೆ ಅವನ್ನು ಮುಟ್ಟುವಂತಿಲ್ಲ. ನಾನೂ ಶೆಡ್ಡಿನ ಡ್ರಿಲ್ ಮಷೀನನ್ನು ಯಾರಿಗೂ ಹೇಳದೆ ಪೂಜೆಗೆಂದು ತಂದಿಟ್ಟಿದ್ದೆ. ಮಧ್ಯಾಹ್ನ ಅಣ್ಣ ಗೆಳೆಯನ ಅಂಗಡಿ ಪೂಜೆಗೆ ಹೋದ, ಅವ್ವ ದೇವಸ್ಥಾನಕ್ಕೆ ಹೋದಳು. ಅಪ್ಪನ ಫೋಟೋ ನಡುಮನೆಯಲ್ಲಿ ಎದ್ದು ಕಾಣಬೇಕೆಂದು ಅವ್ವ ಬಹಳ ದಿನದಿಂದ ಅನ್ನುತ್ತಿದ್ದಳು. ಕುಂಕುಮ ಹಚ್ಚಿದ ಮಷೀನನ್ನೇ ಎತ್ತಿ, ಅಣ್ಣ ಬಾವಿ ಎಂದ ಜಾಗಕ್ಕೇ ಇಟ್ಟು ಒತ್ತಿದೆ. ಅಲ್ಲೇನೂ ಇಲ್ಲ, ಇವನದು ಬರೀ ದೊಡ್ಡಸ್ತಿಕೆ ಎಂದು ನನಗೆ ನಾನೇ ತೋರಿಸಿಕೊಳ್ಳಬೇಕಿತ್ತು...

ಚಟ್ ಎಂದಿತು. ಮಷೀನು ನಿಂತಿತು, ಮನೆಯ ಕರೆಂಟೂ ಹೋಯಿತು.

ಫ್ಯೂಸು ಕಿತ್ತಿಟ್ಟು ಹಳೇ ಉಳಿಯಿಂದ ಗಾರೆ ಒಡೆದೆ. ವೈರು ತುಂಡಾಗಿತ್ತು. ಅಣ್ಣನ ಟೇಪಿನ ಮೇಲೆ ಕುಂಕುಮದ ಬೊಟ್ಟಿತ್ತು, ಬಿಚ್ಚಿದರೆ ತಿಳಿದುಬಿಡುತ್ತದೆ. ಸೈಕಲ್ಲಿನ ಹಳೇ ಟ್ಯೂಬು ಕತ್ತರಿಸಿದೆ. ವೈರಿನ ತುದಿಗಳನ್ನು ತಿರುಚಿ ಸೇರಿಸಿ, ಅದನ್ನೇ ಸುತ್ತಿ, ಮೇಲೆ ಸಿಮೆಂಟು ಮೆತ್ತಿದೆ. ಫ್ಯೂಸು ಕಟ್ಟಿ ಹಾಕಿದರೆ ಲೈಟು ಬಂತು. ಹಸಿ ಸಿಮೆಂಟು ಕಾಣಬಾರದಲ್ಲ, ಅದರೊಳಕ್ಕೇ ಮರದ ಗೂಟ ತುರುಕಿ, ಸ್ಕ್ರೂ ತಿರುಗಿಸಿ, ಅಪ್ಪನನ್ನು ತೂಗುಹಾಕಿದೆ.

ಅಣ್ಣ ಬಂದವನೇ, "ಅಲ್ಲ್ಯಾಕೋ ಹಾಕ್ದೆ?" ಎಂದ.

"ಸ್ಕ್ರೂ ಪಕ್ಕಕ್ಕೇ ಹೊಡ್ದಿದೀನಿ. ಗೋಡೆ ವಿಚಾರ ನಿಂಗೊಬ್ಬಂಗೇನಾ ಗೊತ್ತಿರೋದು?" ಎಂದೆ. ಫೋಟೋ ಅಗಲವಾಗಿತ್ತು, ಸ್ಕ್ರೂ ಎಲ್ಲಿದೆಯೆಂದು ಕಾಣುತ್ತಿರಲಿಲ್ಲ. ಅವನು ನಂಬಿದ. ಅವ್ವ ಕಣ್ಣೊರೆಸಿಕೊಂಡು, "ಚಿಕ್ಕೋನ್ಗೇ ಅಪ್ಪನ ಮೇಲೆ ಆಸೆ ಜಾಸ್ತಿ," ಎಂದಳು.

ಕಾರ್ತಿಕದ ಜಡಿಮಳೆಗೆ ಗೋಡೆ ತೇವ ಎಳೆಯಿತು. ಒಂದು ಸೋಮವಾರ ಅವ್ವ ಒದ್ದೆ ಬಟ್ಟೆಯಲ್ಲಿ ಫೋಟೋ ಒರೆಸುತ್ತ ಸ್ಕ್ರೂ ಮುಟ್ಟಿದಳು. ಕಿರುಚಿ ಬಿದ್ದಳು. ಜೀವ ಉಳಿಯಿತು. ಬಲಗೈ ಬೆರಳುಗಳು ಸುಟ್ಟು ಮಡಚಿಕೊಂಡವು, ಮತ್ತೆ ಬಿಚ್ಚಲಿಲ್ಲ.

ಅವ್ವನನ್ನು ಆಸ್ಪತ್ರೆಯಲ್ಲಿ ಬಿಟ್ಟು ಬಂದು ಅಣ್ಣ ಗೋಡೆ ಒಡೆದ. ಪಕ್ಕದಲ್ಲಿ ನಾನು ಟಾರ್ಚ್ ಹಿಡಿದಿದ್ದೆ. ಬಾಗಿಲ ತುಂಬ ಜನ. ಗಾರೆಯೊಳಗಿಂದ ಟ್ಯೂಬಿನ ಚೂರು ಬಂತು. ಅದರ ಮೇಲೊಂದು ಪಂಕ್ಚರಿನ ತೇಪೆ. ಆ ಬೇಸಿಗೆಯಲ್ಲಿ ನನ್ನ ಸೈಕಲ್ಲಿಗೆ ಅವನೇ ಕೂತು ಅಂಟಿಸಿಕೊಟ್ಟಿದ್ದ ತೇಪೆ... ಅದನ್ನು ಬೆರಳಲ್ಲಿ ತಿರುಗಿಸಿ ತಿರುಗಿಸಿ ನೋಡಿದ. ನನ್ನ ಕಡೆ ತಿರುಗಲಿಲ್ಲ. ಕಾದ. ಅವನು ಕಾಯುತ್ತಿದ್ದಾನೆಂದು ನನಗೆ ತಿಳಿಯುತ್ತಿತ್ತು.

"ಏನಾಗಿತ್ತಪ್ಪಾ ಒಳಗೆ?" ಪಕ್ಕದ ಮನೆ ಅಜ್ಜ ಕೇಳಿದ.

ನಾನು ಟಾರ್ಚನ್ನು ಅಲ್ಲಾಡದಂತೆ ಹಿಡಿದೆ. ಅಷ್ಟೇ ಮಾಡಿದೆ.

"ಜಾಯಿಂಟ್ ಸರಿಗಿರ್ಲಿಲ್ಲ," ಎಂದ ಅಣ್ಣ. ಚೂರನ್ನು ಜೇಬಿಗೆ ಹಾಕಿಕೊಂಡ. ಆಮೇಲೆ ತುಂಡಾದ ವೈರನ್ನು ಪೂರ್ತಿ ಎಳೆದು ಬಿಸಾಡಿ, ಒಡೆದ ಪೈಪು ಬದಲಿಸಿ, ಮೇಲಿಂದ ಕೆಳಗೆ ಒಂದೇ ಹೊಸ ವೈರು ಬಿಟ್ಟು ಗೋಡೆ ಮುಚ್ಚಿದ.

ಗೋಡೆಯೊಳಗೆ ಕರೆಂಟು ಬಿಟ್ಟು ಹೆತ್ತವಳನ್ನೇ ಸುಟ್ಟ ಎಂದರು ಜನ. ಅವನನ್ನು ಕೆಲಸಕ್ಕೆ ಕರೆಯುವುದು ನಿಂತಿತು. ಅವ್ವ ಅವನ ಜೊತೆ ಮಾತು ಬಿಟ್ಟಳು. "ಪಟ್ಟಿ ಮೇಲೆ ಎಳ್ದಿದ್ರೆ ಕಣ್ಣಿಗಾದ್ರೂ ಕಾಣ್ತಿತ್ತು. ಶೋಕಿ ಮಾಡಕ್ಕೋಗಿ ನನ್ ಕೈ ತಿಂದ," ಎನ್ನುತ್ತಿದ್ದಳು. ನಾನು ಮುದ್ದೆ ಮುರಿದು ಅವಳ ಬಾಯಿಗಿಡುವಾಗ ಹೇಳುವ ಮಾತು ಅದು. ನಾನು ಹೂಂ ಎನ್ನುತ್ತಿದ್ದೆ.

ಅಣ್ಣ ಟ್ರಂಕು ಹಿಡಿದು ಹೊರಟುಹೋದ. ಕುಂದಲಹಳ್ಳಿ ಹತ್ತಿರ ಒಂದು ಕಾರ್ಖಾನೆಯ ಗೇಟು ಕಾಯುತ್ತಿದ್ದ. ಹೇಳಿಬಿಡಬೇಕೆಂದೇ ಒಮ್ಮೆ ಹೋದೆ. ಟೀ ಕುಡಿಸಿದ.

"ಅವ್ವ ಉಣ್ತಾಳಾ?"

"ನಾನೇ ತಿನ್ನಿಸ್ತೀನಿ."

"ತಿನ್ಸು ತಿನ್ಸು. ನಿನ್ ಕೈ ನೆಟ್ಟಗೈತಲ್ಲ," ಎಂದು ನಕ್ಕ. ಬಸ್ಸು ಬಂತು, ಹತ್ತಿದೆ. ಮತ್ತೆ ಹೋಗಲಿಲ್ಲ. ಅವ್ವ ತೀರಿಕೊಂಡಳು. ಕೆಲವು ವರ್ಷಕ್ಕೆ ಅವನೂ, ಆ ಗೇಟಿನ ಹತ್ತಿರದ ರೂಮಿನಲ್ಲೇ...

ಹೋದ ವಾರ ಆ ಫಿಲ್ಟರಿನವನು ಹೊರಗೆ ಬಂದು, "ಅಂಕಲ್, ಇನ್ನೊಂದು ತೂತು ಹೊಡೀಬೇಕು. ವೈರ್ ಎಲ್ಲಿ ಹೋಗಿದೆ ಗೊತ್ತಾ?" ಎಂದು ಕೇಳಿದ. ಒಳಗೆ ಹೋಗಿ ಗೋಡೆಯ ಮೇಲೆ ಕೈಯಿಟ್ಟು ತೋರಿಸಿದೆ. "ಸ್ವಿಚ್ಚಿನಿಂದ ನೆಟ್ಟಗೆ ಮೇಲಕ್ಕೆ."

ಅವನು ಬೋರ್ಡು ಬಿಚ್ಚಿ ಇಣುಕಿದ. "ಹಳೇ ಕೆಲಸ ಆದ್ರೂ ಸಕ್ಕತ್ತಾಗಿದೆ. ಯಾರು ಮಾಡಿದ್ದು?"

"ನಮ್ಮಣ್ಣ," ಎಂದೆ.

"ಅಜ್ಜಿ ಕೈ ಹೋಗಿದ್ದು ದೊಡ್ಡಮಾವನ ವೈರಿಂಗಿಂದ್ಲೇ ಅಲ್ವಾ ಮಾವ?" ಎಂದಳು ಸೊಸೆ, ಒಲೆಯ ಕಡೆ ನೋಡುತ್ತ.

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವನು ಡ್ರಿಲ್ ಒತ್ತಿದ. ಸದ್ದು ನಿಂತ ಮೇಲೆ ಪೊರಕೆ ತಂದು ಇಟ್ಟಿಗೆಯ ಪುಡಿ ಗುಡಿಸಿದೆ.