ದೇವಕಿಯ ಡಬ್ಬಿ ವಸೂಲಿ

ದೆಹಲಿಯ ಲೋಧಿ ಕಾಲೋನಿಯ ಸರ್ಕಾರಿ ಮನೆಗಳಲ್ಲಿದ್ದ ಕನ್ನಡದ ಹೆಂಗಸರ ಪೈಕಿ ದೇವಕಿಗೆ ದಯಾಳು ಎಂಬ ಹೆಸರಿರಲಿಲ್ಲ. ತರಕಾರಿ ಭಯ್ಯಾ ಅವಳನ್ನು ಕಂಡರೆ ಗಾಡಿ ತಿರುಗಿಸುತ್ತಿದ್ದ. ಹೆಸರು ಕೊರೆಸಿದ ಸ್ಟೀಲ್ ಪಾತ್ರೆಗಳೆಂದರೆ ಅವಳಿಗೆ ಪ್ರಾಣ.

೨೦೦೫ರ ಚಳಿಗಾಲದಲ್ಲಿ ಕೆಳಗಿನ ಮನೆಯ ಗುಮಾಸ್ತ ತಿಪ್ಪೇಸ್ವಾಮಿಯ ಏಡ್ಸ್ ಕೊನೆಯ ಹಂತ ಮುಟ್ಟಿತು. ಮದ್ದು ಶುರುವಾಗುವಾಗಲೇ ತಡವಾಗಿತ್ತು. ಮನೆಯಲ್ಲೇ ಸಾಯಬೇಕೆಂಬುದು ಅವನ ಹಟ. ಆದರೆ ಮಗ್ಗುಲು ಬದಲಿಸುವುದಕ್ಕೂ ಹೆಂಡತಿ ಸರಳಾ ಒಬ್ಬಳಿಂದ ಆಗುತ್ತಿರಲಿಲ್ಲ. ಜನ ಸಿಗದಿದ್ದರೆ ಆಸ್ಪತ್ರೆಯೇ ಗತಿ ಎಂದು ವೈದ್ಯರು ಹೇಳಿದ್ದರು.

ಕಾಲೋನಿಯ ಕನ್ನಡ ಹೆಂಗಸರ ಭಜನಾ ಮಂಡಳಿ ನೆರವಾಯಿತು: ದಿನಕ್ಕೊಬ್ಬರು ಸಾರನ್ನದ ಡಬ್ಬಿಯನ್ನು ಬಾಗಿಲಲ್ಲಿಟ್ಟು, ಕರೆಗಂಟೆ ಒತ್ತಿ ಓಡಿದರು. ಡಬ್ಬಿ ಹಿಂತಿರುಗಿಸಲು ಬಂದರೆ, "ಇರ್ಲಿ ಬಿಡಿ ಸರಳಾ, ನೀವೇ ಇಟ್ಕೊಳ್ಳಿ" ಎಂಬ ಔದಾರ್ಯ.

ಒಂದು ದಿನ ದೇವಕಿಯ ಗಂಡ ಏಕನಾಥ ಅವಳ ತವರಿನ ಡಬ್ಬಿಯನ್ನೇ ಕೊಟ್ಟು ಬಂದ.

"ಡಬ್ಬಿ ಎಲ್ರೀ?"

"ಹೋಗ್ಲಿ ಬಿಡೇ, ಆ ಮನೇಲಿ ಬಳಸಿದ್ದು."

"ನಿಮ್ಮಪ್ಪ ಕೊಡಿಸಿದ್ದೇನ್ರೀ ಹೋಗ್ಲಿ ಅನ್ನೋಕೆ?"

ದೇವಕಿ ವಸೂಲಿಗೆ ಇಳಿದಳು. ಬಾಗಿಲು ತೆರೆದೇ ಇತ್ತು. ಸರಳಾ ಗಂಡನನ್ನು ಅರ್ಧ ಹೊರಳಿಸಿ ಸಿಕ್ಕಿಕೊಂಡಿದ್ದಳು. "ಆ ಕಡೆ ಹಿಡೀರಿ ದೇವಕಿಯವರೇ, ಬೇಗ!" ದೇವಕಿ ಯೋಚಿಸುವ ಮೊದಲೇ ಹಿಡಿದಾಗಿತ್ತು.

ದಿಂಬಿಗೊರಗಿದ ತಿಪ್ಪೇಸ್ವಾಮಿ ಹೇಳಿದ: "ನಿಮ್ಮ ಡಬ್ಬಿ ಅಡುಗೆಮನೇಲಿದೆ ಅಕ್ಕಾ. ಸಾರು ಮಾತ್ರ ಇನ್ನು ಬೇಡ. ಏಡ್ಸಿಂದ ಸಾಯ್ತಿದ್ದೀನೋ ಸಾರಿಂದಲೋ ತಿಳೀತಿಲ್ಲ."

ಅಡುಗೆಮನೆಯಲ್ಲಿ ಇಡೀ ಭಜನಾ ಮಂಡಳಿ ಹೆಸರುಸಮೇತ ಗೋಪುರವಾಗಿ ನಿಂತಿತ್ತು. ಇಷ್ಟೊಂದು ಸ್ಟೀಲು ದಂಡವಾಗುವುದನ್ನು ದೇವಕಿ ಸಹಿಸಲಾರಳು. ಆ ಹುಣ್ಣಿಮೆಗೆ ಅವಳು ಸರಳಾಳ ಮನೆಯಲ್ಲೇ ಸತ್ಯನಾರಾಯಣ ಪೂಜೆ ಮಾಡಿಸಿದಳು. ಎಲ್ಲ ಡಬ್ಬಿಗಳಿಗೂ ಪ್ರಸಾದದ ಸಜ್ಜಿಗೆ ತುಂಬಿ ಭಜನೆಗೆ ಹೊತ್ತು ತಂದು, ಹೆಸರು ಓದಿ ಓದಿ ಹಂಚಿದಳು.

"ಶಾಂತಮ್ಮನವರೇ, ನಿಮ್ಮದು."

ಮಂಡಳಿಯ ಅಧ್ಯಕ್ಷೆ ಕೈ ಹಿಂದಕ್ಕೆಳೆದುಕೊಂಡರು. "ಅದು... ಅವರ ಮನೇದು..."

"ಪಾತ್ರೆಯಿಂದ ಅಂಟಲ್ಲ ಅಂತ ಅವರ ಮನೆಗೆ ಬರೋ ನರ್ಸಮ್ಮ ವಾರವಾರ ಬಡ್ಕೊಳ್ತಾಳೆ. ನಂಬದಿದ್ರೆ ಬಿಡಿ. ಇದು ಸತ್ಯನಾರಾಯಣನ ಪ್ರಸಾದ. ಬೇಡ ಅನ್ನೋರು ಅವನಿಗೇ ಹೇಳ್ಕೊಳ್ಳಿ."

ಪ್ರಸಾದ ತಿರಸ್ಕರಿಸಿದವರ ಹಡಗು ಮುಳುಗಿದ ಕಥೆ ಅಲ್ಲಿದ್ದ ಎಲ್ಲರಿಗೂ ಬಾಯಿಪಾಠ. ಶಾಂತಮ್ಮ ಕಣ್ಣು ಮುಚ್ಚಿ ನುಂಗಿದರು. ಉಳಿದವರು ಅವರ ಮುಖವನ್ನೇ ನೋಡುತ್ತ ನುಂಗಿದರು.

"ಚಲೋ, ತಿಂದಾಯ್ತಲ್ಲ? ಇನ್ನು ಹೆದರೋಕೆ ಏನೂ ಉಳಿದಿಲ್ಲ. ನಾಳೆ ಮಧ್ಯಾಹ್ನ ತಿಪ್ಪೇಸ್ವಾಮೀನ ಹಿಡಿದು ಹೊರಳಿಸೋಕೆ ಯಾರು ಬರ್ತೀರಿ?"

ವಿಜ್ಞಾನದಿಂದ ಆಗದ್ದು ಸಜ್ಜಿಗೆಯಿಂದ ಆಯಿತು. ಇದನ್ನು ಮೆಚ್ಚಲಾರೆ, ಆದರೆ ಅಲ್ಲಗಳೆಯಲೂ ಆಗದು. ಮರುದಿನದಿಂದ ಹೆಂಗಸರು ಸರದಿಯಂತೆ ಬಂದರು. ಅವನ ಮೈ ಒರೆಸಿದರು, ಬೆನ್ನಿಗೆ ಪೌಡರ್ ಹಾಕಿದರು, ಬೇಡವೆಂದರೂ ಭಜನೆ ಹೇಳಿದರು. ಸರಳಾ ಎಷ್ಟೋ ದಿನಗಳ ಮೇಲೆ ಮಧ್ಯಾಹ್ನ ನಿದ್ದೆ ಮಾಡಿದಳು.

ಫೆಬ್ರವರಿಯ ಒಂದು ಮಧ್ಯಾಹ್ನ, ಕಿಟಕಿ ತೆರೆಯಬೇಕೋ ಮುಚ್ಚಬೇಕೋ ಎಂದು ದೇವಕಿಯೂ ಶಾಂತಮ್ಮನೂ ಅವನ ಮಂಚದ ಎರಡೂ ಬದಿ ನಿಂತು ವಾದಿಸುತ್ತಿದ್ದರು. "ಅರ್ಧ ತೆಗೀರಿ ತಾಯಂದಿರಾ," ಎಂದ ತಿಪ್ಪೇಸ್ವಾಮಿ. ಸರಳಾ ಎದ್ದು ಬಂದು ಅರ್ಧ ತೆರೆದು, ಅವನ ಕೈ ಹಿಡಿದು ಕುಳಿತಳು. ಸಂಜೆಯೊಳಗೆ ಅವನು ತನ್ನ ಮಂಚದಲ್ಲೇ ತೀರಿಕೊಂಡ.