ನನ್ನ ತಮ್ಮ ಖಳನಾಯಕನಾದದ್ದು

ನಿನ್ನೆ ಮಧ್ಯಾಹ್ನ ಒಗ್ಗರಣೆಗೆ ಹಾಕಿದ ಒಣಮೆಣಸಿನಕಾಯಿ ತುಸು ಹೆಚ್ಚೇ ಕಪ್ಪಾಯಿತು. ಘಾಟಿಗೆ ನಾನು ಅಡುಗೆಮನೆಯಲ್ಲಿ ಕೆಮ್ಮುತ್ತಿದ್ದೆ, ಪಡಸಾಲೆಯ ಟಿವಿಯೊಳಗೆ ಒಬ್ಬ ಹೆಂಗಸು ಅಳುತ್ತಿದ್ದಳು. ಇಬ್ಬರ ಕಣ್ಣಲ್ಲೂ ನೀರು. ನನ್ನದಕ್ಕಾದರೂ ಕಾರಣವಿತ್ತು.

ನಮ್ಮ ಮನೆಯವರು ನಿವೃತ್ತರಾದ ಮೇಲೆ ರಾಣೇಬೆನ್ನೂರಿನ ನಮ್ಮ ಮನೆಯಲ್ಲಿ ನಿವೃತ್ತಿಯಿಲ್ಲದೆ ದುಡಿಯುವುದು ನಾನು ಮತ್ತು ಟಿವಿ. ಹೀಗಾಗಿ ಧಾರಾವಾಹಿಗಳ ಬಗ್ಗೆ ಈಗ ಅಧಿಕಾರವಾಣಿಯಿಂದಲೇ ಮಾತಾಡಬಲ್ಲೆ. ಅಲ್ಲಿಯ ಸೊಸೆಯಂದಿರು ರೇಷ್ಮೆ ಸೀರೆಯಲ್ಲೇ ಮಲಗುತ್ತಾರೆ, ಎದ್ದಾಗ ಒಂದು ನಿರಿಗೆಯೂ ಮುದುಡಿರುವುದಿಲ್ಲ. ಅತ್ತೆ ಪಾಯಸಕ್ಕೆ ವಿಷ ಬೆರೆಸುವ ಯೋಚನೆಯನ್ನು ಗಟ್ಟಿಯಾಗಿಯೇ ಮಾಡುತ್ತಾಳೆ, ಪಕ್ಕದಲ್ಲಿ ನಿಂತ ಸೊಸೆಗೆ ಮಾತ್ರ ಕೇಳಿಸುವುದಿಲ್ಲ. ಅಂಥ ಬಂಗಲೆಯಲ್ಲಿ ನಮ್ಮ ಕಡೆಯ ಮಾತಾಡುವವನು ಅಡುಗೆಯವನೊಬ್ಬನೇ. ಉಸಿರಿಗೊಂದು ‘ಲೇ’ ಸೇರಿಸಿದರೆ ಹಾವೇರಿ ಜಿಲ್ಲೆ ಮುಗಿಯಿತೆಂದು ಅವನಿಗೆ ಯಾರೋ ಹೇಳಿಕೊಟ್ಟಿದ್ದಾರೆ.

ಇದಕ್ಕೆಲ್ಲ ನಗಬಹುದು, ನೀವೂ ನಗುತ್ತಿರುತ್ತೀರಿ. ಹಾಡಿನ ಸ್ಪರ್ಧೆ ಶುರುವಾದರೆ ಮಾತ್ರ ನನಗೆ ನಗು ಬರುವುದಿಲ್ಲ. ಅದಕ್ಕೆ ಕಾರಣ ನನ್ನ ತಮ್ಮ ಬಸವರಾಜ.

ಬಸವರಾಜನದು ಬ್ಯಾಡಗಿಯಲ್ಲಿ ಖಾರದ ಪುಡಿ ಮಾಡುವ ಗಿರಣಿ. ಇಡೀ ದಿನ ಆ ಧೂಳಿನಲ್ಲಿ ನಿಲ್ಲುವುದರಿಂದ ಅವನ ಕಣ್ಣು ಸದಾ ಕೆಂಪು. ದನಿ ಎಷ್ಟು ಮೆದುವೆಂದರೆ ಗಿರಾಕಿಗಳು ಎರಡೆರಡು ಸಲ ಕೇಳಬೇಕು. ಅವನ ಹೆಂಡತಿ ಗಿರಿಜಾ ಭಜನಾ ಮಂಡಳಿಯಲ್ಲಿ ಹಾಡುತ್ತಾಳೆ. ಎಲ್ಲಿ ಭಜನೆಯಿದ್ದರೂ ತನ್ನ ಗಾಡಿಯ ಮೇಲೆ ಕರೆದೊಯ್ದು, ಕೊನೆಯ ಸಾಲಿನಲ್ಲಿ ಕೂತು, ಅರ್ಧ ಗಂಟೆಯೊಳಗೆ ತೂಕಡಿಸುವುದು ಅವನ ಪದ್ಧತಿ. ಕೆಲವು ವರ್ಷಗಳ ಹಿಂದೆ ಒಂದು ಚಾನೆಲ್ಲಿನವರು ಗೃಹಿಣಿಯರಿಗಾಗಿ ಹಾಡಿನ ಸ್ಪರ್ಧೆ ಇಟ್ಟು ಹಾವೇರಿಯಲ್ಲಿ ಆಯ್ಕೆ ನಡೆಸಿದರು. ಗಿರಿಜಾ ಆಯ್ಕೆಯಾದಳು. ಅವಳ ಬದುಕನ್ನು ಚಿತ್ರೀಕರಿಸಲು ಅವರು ಬ್ಯಾಡಗಿಗೇ ಬರುತ್ತಾರೆಂದು ತಿಳಿದು ಬಸವರಾಜ ಮನೆಗೆ ಬಣ್ಣ ಹೊಡೆಸಿದ.

ಅದೇ ತಪ್ಪಾಯಿತು. ಬಂದ ಹುಡುಗರ ಮುಖಂಡ ಹೊಳೆಯುವ ಗೋಡೆಗಳನ್ನು ನೋಡಿ ನಿಟ್ಟುಸಿರು ಬಿಟ್ಟ. “ಮೇಡಂ, ನಿಮ್ಮ ಜೀವನದಲ್ಲಿ ನೋವು ಅಂತ ಏನಿದೆ?” ಎಂದು ಕೇಳಿದ.

ಗಿರಿಜಾ ಯೋಚಿಸಿ, “ಮೊಣಕಾಲು ನೋಯ್ತಾವ್ರಿ” ಎಂದಳು.

ಅಂಥ ನೋವಿಗೆ ಪಿಟೀಲು ಬಾರಿಸಲು ಬರುವುದಿಲ್ಲ. ಗಂಡ ಕುಡಿಯುತ್ತಾರೆಯೇ ಎಂದು ವಿಚಾರಿಸಿದ. ಸಕ್ಕರೆ ಕಾಯಿಲೆ ಇರುವುದರಿಂದ ಚಹಾ ಕೂಡ ಸಪ್ಪನೆಯದೇ ಎಂದು ಬಸವರಾಜ ಸಂಕೋಚದಿಂದ ತಿಳಿಸಿದ. ಹೊಡೆಯುವುದು? ಬೈಯುವುದು? ಹೋಗಲಿ, ಹಾಡಬೇಡ ಎಂದು ಒಮ್ಮೆಯಾದರೂ? ಏನೂ ಇಲ್ಲ. ಕಥೆಯಿಲ್ಲದವರನ್ನು ಮುಂದಕ್ಕೆ ಕಳಿಸುವುದು ಕಷ್ಟ ಎಂದು ಹುಡುಗ ಕ್ಯಾಮೆರಾ ಮುಚ್ಚತೊಡಗಿದ. ಗಿರಿಜಾಳ ಮುಖ ಸಪ್ಪಗಾದದ್ದನ್ನು ನನ್ನ ತಮ್ಮ ನೋಡಿದ. ಹುಡುಗನನ್ನು ಬದಿಗೆ ಕರೆದು, ತಾನು ಏನು ಹೇಳಬೇಕೋ ಹೇಳಿಕೊಡಿರೆಂದ. ಗಿರಿಜಾ ಬೇಡವೆಂದು ತಡೆದಳು.

“ನಾ ನಾಕು ಮಂದಿ ಕಡೆ ಬೈಸ್ಕೊಂಡ್ರ ಏನ ಆಕ್ಕೈತಿ?” ಎಂದ ಬಸವರಾಜ. “ನೀ ಹಾಡಿ ಬಾ.”

ಪ್ರಸಾರದ ದಿನ ನಾವು ಓಣಿಯವರನ್ನೆಲ್ಲ ಕರೆದು ಕೂರಿಸಿದ್ದೆವು. ಮೊದಲು ಬಂದದ್ದು ಪರದೆಯ ತುಂಬ ಬಸವರಾಜನ ಕೆಂಪು ಕಣ್ಣು. ಹಿಂದೆ ಗುಡುಗು. ಹೆಂಡತಿ ಹಾಡುವುದು ತನಗೆ ಸೇರದೆಂದು, ಹೇಳಿಕೊಟ್ಟಂತೆಯೇ ಅವನು ಹೇಳಿದ. ಇಂಥ ಕಣ್ಣಿಗೆ ಹೆದರಿ ಬದುಕಿದ ಕೋಗಿಲೆ ಎಂದಳು ನಿರೂಪಕಿ. ತನ್ನ ಗಂಡ ಯಾವತ್ತೂ ಗದರಿದವನಲ್ಲ ಎಂದು ಗಿರಿಜಾ ವೇದಿಕೆಯ ಮೇಲೆಯೇ ಸ್ಪಷ್ಟವಾಗಿ ಹೇಳಿದ್ದಳಂತೆ. ಅದನ್ನು ಕತ್ತರಿಸಿ, ಅವಳು ಸೆರಗಿನಿಂದ ಮುಖದ ಬೆವರು ಒರೆಸಿಕೊಂಡದ್ದನ್ನು ಉಳಿಸಿಕೊಂಡಿದ್ದರು. ತೀರ್ಪುಗಾರರು ಎದ್ದುನಿಂತು ಅತ್ತರು. ಸೋಪಿನ ಜಾಹೀರಾತಿಗೆ ಸಿಕ್ಕಷ್ಟು ಸಮಯ ಹಾಡಿಗೆ ಸಿಗಲಿಲ್ಲ. ಎಲ್ಲರೂ ಎದ್ದುಹೋದ ಮೇಲೆ ನಮ್ಮ ಮನೆಯವರು, ಬಸವರಾಜನ ಮದುವೆಯಲ್ಲಿ ಓಡಾಡಿ ಬಡಿಸಿದ ಮನುಷ್ಯ, ದನಿ ತಗ್ಗಿಸಿ ನನ್ನನ್ನು ಕೇಳಿದರು: “ಖರೇನ ಹಂಗ ಮಾಡ್ತಾನೇನು ನಿನ್ನ ತಮ್ಮ?”

ಇವರೇ ಹೀಗೆಂದ ಮೇಲೆ ಊರಿನವರ ಮಾತೇನು? ಗಿರಣಿಗೆ ಬಂದ ಹೆಂಗಸರು ಮೆಣಸಿನಕಾಯಿಯ ಚೀಲ ಇಳಿಸಿ ಬುದ್ಧಿವಾದ ಹೇಳಿ ಹೋದರು. ಕರ್ಜಗಿಯಿಂದ ಗಿರಿಜಾಳ ಚಿಕ್ಕಮ್ಮ, ಅವಳ ಸೀರೆಗಳನ್ನು ತುಂಬಿಕೊಂಡು ಹೋಗಲು ಖಾಲಿ ಬ್ಯಾಗಿನ ಸಮೇತ ಮೊದಲ ಬಸ್ಸಿಗೇ ಬಂದಿಳಿದಳು. ಬಸವರಾಜ ಅವಳಿಗೆ ಚಹಾ ಮಾಡಿಕೊಟ್ಟ. ಮೊದಮೊದಲು ಅವನೂ ನಕ್ಕ. ಆಮೇಲೆ ಹೆಂಡತಿಯನ್ನು ಭಜನೆಯ ಗುಡಿಯವರೆಗೆ ಬಿಟ್ಟು, ಒಳಗೆ ಬಾರದೆ ಗಾಡಿ ತಿರುಗಿಸಿಕೊಂಡು ಹೋಗತೊಡಗಿದ. ಕೊನೆಯ ಸಾಲು ಖಾಲಿ ಬಿದ್ದದ್ದು ಹಾಡುವವಳಿಗೆ ಕಾಣುತ್ತಿತ್ತು.

ಮುಂದಿನ ಸುತ್ತಿಗೆ ಕರೆ ಬಂದ ದಿನ ನಾನು ಬ್ಯಾಡಗಿಯಲ್ಲೇ ಇದ್ದೆ. ಗಿರಿಜಾ ಫೋನನ್ನು ಎಲ್ಲರಿಗೂ ಕೇಳುವಂತೆ ಇಟ್ಟಿದ್ದಳು. ಈ ಸಲ ಗಂಡ ವೇದಿಕೆಗೆ ಬಂದು ಕಾಲಿಗೆ ಬಿದ್ದು ಕ್ಷಮೆ ಕೇಳಲಿ, ಜನ ತುಂಬ ಮೆಚ್ಚುತ್ತಾರೆ ಎಂದ ಆ ಹುಡುಗ. ಬಸವರಾಜ ಆಗಲೆಂದು ತಲೆಯಾಡಿಸಿದ. ಗಿರಿಜಾ ಫೋನನ್ನು ಹತ್ತಿರಕ್ಕೆ ಎಳೆದುಕೊಂಡಳು.

“ನನ್ನ ಗಂಡ ನನ್ನ ಕಾಲಿಗೆ ಬೀಳೂ ಹಾಡು ನನಗ ಬರಂಗಿಲ್ರಿ” ಎಂದು ಫೋನ್ ಇಟ್ಟಳು.

ಹೋಗೆಂದು ಬಸವರಾಜ ಬೇಡಿಕೊಂಡ, ನಾನೂ ಹೇಳಿದೆ. ಅವಳು ಕೇಳಲಿಲ್ಲ. ಚಾನೆಲ್ಲಿನವರಿಗೆ ಇದರಿಂದಲೂ ನಷ್ಟವಾಗಲಿಲ್ಲ. ಗಂಡನ ಒತ್ತಡಕ್ಕೆ ಮಣಿದು ಗಿರಿಜಾ ಸ್ಪರ್ಧೆ ಬಿಟ್ಟಿದ್ದಾರೆಂದು ಮರುವಾರ ನಿರೂಪಕಿ ಕಣ್ಣೊರೆಸಿಕೊಂಡಳು.

ಅದಾದ ಮೇಲೆ ಕಾಗಿನೆಲೆಯಲ್ಲಿ ಭಜನೆಯಿತ್ತು. ಗಾಡಿ ತಿರುಗಿಸುತ್ತಿದ್ದ ಬಸವರಾಜನ ಕೀಲಿಕೈಯನ್ನೇ ಗಿರಿಜಾ ಕಿತ್ತುಕೊಂಡಳು. ಅವನನ್ನು ಕೈಹಿಡಿದು ಮುಂದೆ ಕೂರಿಸಿ, ಕೈಗೆ ತಾಳ ಕೊಟ್ಟು, ಮೈಕಿನಲ್ಲಿ ಹೇಳಿದಳು: “ಟಿವಿದಾಗ ನೋಡೀರಲ್ಲ, ಅವರ ಇವರು. ನಾ ಹಾಡಾಕ ಹೋದಲ್ಲೆಲ್ಲ ನನ್ನ ಕರಕೊಂಡು ಬಂದಾರ. ಇವತ್ತ ತಾಳಾನೂ ಇವರ ಹಾಕ್ತಾರ.”

ತಾಳ ಒಂದು ಕಡೆ, ಹಾಡು ಒಂದು ಕಡೆ ಹೋಯಿತು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಕರ್ಜಗಿಯ ಚಿಕ್ಕಮ್ಮನೂ ನಕ್ಕಳು. ಅಷ್ಟು ಕೆಟ್ಟದಾಗಿ ತಾಳ ಹಾಕಿಯೂ ಹೆಂಡತಿಯ ಪಕ್ಕದಲ್ಲಿ ಕೂತೇ ಇದ್ದವನನ್ನು ದುಷ್ಟನೆಂದು ನಂಬುವುದು ಆಮೇಲೆ ಯಾರಿಗೂ ಆಗಲಿಲ್ಲ.

ನಿನ್ನೆ ಟಿವಿಯಲ್ಲಿ ಅಳುತ್ತಿದ್ದವಳೂ ಇಂಥದೇ ಹಾಡಿನ ಸ್ಪರ್ಧೆಯವಳು, ಅವಳ ಕಥೆಯಲ್ಲಿ ಕ್ರೂರಿ ಅವಳ ಮಾವ. ಮುದುಕನನ್ನು ವೇದಿಕೆಯ ಅಂಚಿನಲ್ಲಿ ಒಂದು ಕುರ್ಚಿಯ ಮೇಲೆ ಕೂರಿಸಿದ್ದರು. “ಎಂಥೆಂಥಾ ಮಂದಿ ಇರ್ತಾರ” ಎಂದು ನಮ್ಮ ಮನೆಯವರು ಶುರು ಮಾಡಿದರು. ನಾನು ಬಂದು ಟಿವಿಯ ದನಿ ಬಂದ್ ಮಾಡಿ ಅವರ ಪಕ್ಕ ಕೂತೆ. ಕಥೆ ಮುಗಿದು ಆ ಹೆಂಗಸು ಹಾಡತೊಡಗಿದ್ದಳು. ಪಿಟೀಲಿಲ್ಲದೆ, ಗುಡುಗಿಲ್ಲದೆ ಇಬ್ಬರೂ ನೋಡಿದೆವು. ತುಸು ಹೊತ್ತಿನ ಮೇಲೆ ನಮ್ಮ ಮನೆಯವರು ಕನ್ನಡಕ ಸರಿಮಾಡಿಕೊಂಡು ಮುಂದಕ್ಕೆ ಬಾಗಿದರು.

“ಆ ಮುದುಕನ ತುಟಿ ನೋಡು” ಎಂದರು. “ಹಾಡು ಪೂರಾ ಬಾಯಿಪಾಠ ಐತಿ ಅವಗ.”