ಪೊಡಿ, ಪೋಡಿ ಮತ್ತು ಬೆಟ್ಟದ ಕಾಕ

ಬೆಟ್ಟದ ಕಾಕನ ಎಡ ಹುಬ್ಬು ಯಾವಾಗಲೂ ಬಲ ಹುಬ್ಬಿಗಿಂತ ಒಂದು ಬೆರಳು ಮೇಲೆಯೇ ಇರುತ್ತಿತ್ತು. ಹುಟ್ಟಿನಿಂದ ಬಂದದ್ದಲ್ಲ, ಬಟ್ಟೆ ನೋಡಿ ನೋಡಿ ಬಂದದ್ದು. ಸುಳ್ಯ ಬಸ್‌ಸ್ಟ್ಯಾಂಡಿನ ಹತ್ತಿರದ ಅವರ ಬಟ್ಟೆ ಅಂಗಡಿಯಲ್ಲಿ ಯಾರಾದರೂ ಸೀರೆ ಆರಿಸಿದರೆ ಸಾಕು, ಕಾಕ ಅದನ್ನು ಹೆಗಲಿಗೆ ಹಾಕಿಕೊಂಡು ರಸ್ತೆಗೆ ಇಳಿಯುತ್ತಿದ್ದರು. ಬಿಸಿಲಿಗೆ ಹಿಡಿದು, ಬಲಗಣ್ಣು ಮುಚ್ಚಿ, ಎಡ ಹುಬ್ಬು ಏರಿಸಿ ನೋಡುವುದು. "ಅಂಗಡಿ ಲೈಟು ನಮ್ಮ ಸಂಬಳದ ಜನ. ನಮ್ಮ ಪರವಾಗಿಯೇ ಮಾತಾಡುದು. ಬಿಸಿಲಿಗೆ ನಮ್ಮ ಹಂಗಿಲ್ಲ" ಎನ್ನುತ್ತಿದ್ದರು.

ಮದುವೆಗೆ ಮುಂಚೆಯೂ ಆಮೇಲೂ ನಾನು ಆ ಅಂಗಡಿಯಲ್ಲಿ ಸೇಲ್ಸ್‌ಗರ್ಲ್ ಆಗಿದ್ದವಳು. ಗಂಟಲು ಒಣಗುವಷ್ಟು ಮಾತಾಡಿ ನಾನು ಸೀರೆ ಒಪ್ಪಿಸಿರುತ್ತಿದ್ದೆ. ಕಾಕ ಬಿಸಿಲಿಗೆ ಹೋಗಿ ಬಂದು, "ಇದು ನಿಮಗೆ ಬೇಡ ಅಕ್ಕ, ಮುಖ ಕಪ್ಪು ಕಾಣ್ತದೆ" ಎಂದುಬಿಡುತ್ತಿದ್ದರು. ಆದ ವ್ಯಾಪಾರ ಕೆಡಿಸುವ ಇಂಥ ಧಣಿ ಬೇರೆ ಎಲ್ಲಾದರೂ ಉಂಟಾ ಎಂದು ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೆ ಆ ಅಕ್ಕ ಮುಂದಿನ ಮದುವೆಗೆ ಇಡೀ ಮನೆಯವರನ್ನು ಕರೆದುಕೊಂಡು ಅಲ್ಲಿಗೇ ಬರುತ್ತಿದ್ದಳು. ಚೆನ್ನಾಗಿದೆ ಎನ್ನಲು ನಮ್ಮ ಕಡೆ ಎಲ್ಲರೂ ಸುಮ್ಮಸುಮ್ಮನೆ ಹೇಳುವ "ಲಾಯ್ಕುಂಟು" ಎಂಬ ಮಾತು ಮಾತ್ರ ಕಾಕನ ಬಾಯಿಂದ ಬರುತ್ತಿರಲಿಲ್ಲ. ತುಂಬಾ ಖುಷಿಯಾದರೆ "ಅಡ್ಡಿಲ್ಲ", ಅಷ್ಟೆ.

ಮಗು ಹುಟ್ಟಿದ ಮೇಲೆ ಕೆಲಸ ಬಿಟ್ಟೆ. ಅರಂತೋಡಿನ ಮನೆಯಲ್ಲಿ ಕೂತು ಕೂತು ತಲೆ ಕೆಟ್ಟು ಹೋಯಿತು. ನನಗೆ ಬರುವುದು ಒಂದೇ ವಿದ್ಯೆ, ಬೆಟ್ಟಂಪಾಡಿಯ ತವರುಮನೆಯ ಸಾರಿನ ಹುಡಿ, ಚಟ್ನಿ ಹುಡಿ. ಅದನ್ನೇ ಪ್ಯಾಕೆಟ್ ಮಾಡಿ ಆನ್‌ಲೈನಿನಲ್ಲಿ ಮಾರುತ್ತೇನೆ ಎಂದಾಗ ಗಂಡ ನಕ್ಕರು. "ಮಿಕ್ಸಿ ಹಾಳಾಗ್ತದೆ, ಬೇರೆಂತ ಆಗುದಿಲ್ಲ. ಆಯ್ತು, ಒಂದು ಸಲ ಮಾಡಿ ನೋಡು. ಜನ ನೆಗಾಡಿದ್ರೆ ಮತ್ತೆ ಈ ಸುದ್ದಿ ಎತ್ಬಾರ್ದು" ಎಂದರು. ಹಾಗಾಗಿ ನನಗಿದ್ದದ್ದು ಒಂದೇ ಅವಕಾಶ.

ಅಂಗಡಿಗೆ "ಪೊಡಿ" ಎಂದು ಹೆಸರಿಟ್ಟೆ. ತುಳುವಿನಲ್ಲೂ ಮಲಯಾಳದಲ್ಲೂ ಹುಡಿಗೆ ಪೊಡಿ ಎಂದೇ ಹೇಳುವುದು, ನಮ್ಮ ಕಡೆ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಫೋನಿನಲ್ಲೇ ಲೋಗೋ ಮಾಡಿದೆ. ಜನ್ಮದಲ್ಲಿ ಮಾಡಿದ ಮೊದಲ ಲೋಗೋ. ದಪ್ಪ ಕೆಂಪು ಅಕ್ಷರ. "ಪೊ" ಮುಗಿಯುವಲ್ಲಿ, ಅದರ ಬಾಲಕ್ಕೆ ತಾಗಿಸಿ, ಚೂರು ಬಾಗಿದ ಒಂದು ಹಸಿರು ಕರಿಬೇವಿನ ಎಲೆ. ಆಹಾ, ನನ್ನ ಕಣ್ಣೇ ತಾಗುವಷ್ಟು ಚೆಂದ! ಮನೆಯವರ ಗ್ರೂಪಿಗೆ ಹಾಕಿದೆ. ಸೂಪರ್, ಲಾಯ್ಕುಂಟು, ಹೆಬ್ಬೆರಳು, ಚಪ್ಪಾಳೆ. ಅಮ್ಮ ಗುಲಾಬಿ ಹೂ ಕಳಿಸಿದಳು. ಪುತ್ತೂರಿನ ಪ್ರೆಸ್ಸಿನವರು ಸಂಜೆಯೊಳಗೆ ಬಂದು ಹೂಂ ಅಂದರೆ ಕವರು ಅಚ್ಚಾಗುತ್ತದೆ ಎಂದಿದ್ದರು. ಹೋಗುವ ದಾರಿಯಲ್ಲಿ ಸುಳ್ಯದಲ್ಲಿ ಇಳಿದೆ, ಕಾಕನಿಗೂ ಒಮ್ಮೆ ತೋರಿಸುವ ಎಂದು. ನಿಜ ಹೇಳುತ್ತೇನೆ, ಅಭಿಪ್ರಾಯ ಕೇಳಲಿಕ್ಕೆ ಹೋದದ್ದಲ್ಲ, ಹೊಗಳಿಸಿಕೊಳ್ಳಲಿಕ್ಕೆ ಹೋದದ್ದು.

ಕಾಕ ನನ್ನ ಫೋನು ಹಿಡಿದುಕೊಂಡು ಸೀದಾ ರಸ್ತೆಗೆ ಇಳಿದರು. ಬಲಗಣ್ಣು ಮುಚ್ಚಿತು, ಎಡ ಹುಬ್ಬು ಏರಿತು.

"ಹೇಗುಂಟು ಕಾಕ?"

"ನಾನು ಹೇಳಿದ್ರೆ ನೀನು ಜಗಳ ಮಾಡ್ತಿ. ದಾರಿಯವರೇ ಹೇಳ್ಲಿ" ಎಂದವರೇ ಬಸ್ಸಿನ ಬಾಗಿಲಲ್ಲಿ ನೇತಾಡುತ್ತಿದ್ದ ಕಂಡಕ್ಟರನಿಗೆ ದೂರದಿಂದಲೇ ಫೋನು ತೋರಿಸಿದರು. "ಇದೆಂತ ಬರ್ದದ್ದು ಮಾರಾಯ, ಓದು ನೋಡುವ."

ಊರು ಕೂಗಿ ಕೂಗಿ ಪಳಗಿದ ಗಂಟಲು. "ಪೋಡಿ!" ಎಂದು ಇಡೀ ಬಸ್‌ಸ್ಟ್ಯಾಂಡಿಗೆ ಕೇಳುವ ಹಾಗೆ ಓದಿದ. "ಬಿಸಿ ಉಂಟಾ ಕಾಕ? ನನಗೊಂದು ಪ್ಲೇಟ್ ಹೇಳಿ!"

ತುಳುವಿನಲ್ಲಿ ಪೋಡಿ ಎಂದರೆ ಬಜ್ಜಿ. ನನ್ನ ಕರಿಬೇವಿನ ಎಲೆ "ಪೊ"ಗೆ ದೀರ್ಘ ಎಳೆದುಬಿಟ್ಟಿತ್ತು. ಅಷ್ಟಕ್ಕೇ ಮುಗಿದಿದ್ದರೆ ಬದುಕುತ್ತಿದ್ದೆ. ಅಂಗಡಿಯೊಳಗೆ ಚೂಡಿದಾರ ನೋಡುತ್ತಿದ್ದ, ಕಾಸರಗೋಡು ಕಡೆಯ ಒಬ್ಬ ಹೆಂಗಸು ದಡಬಡ ಹೊರಗೆ ಬಂದರು. ಮಲಯಾಳದಲ್ಲಿ ಪೋಡಿ ಎಂದರೆ "ಹೋಗೇ!" ಎಂದು ಹೆಂಗಸಿಗೆ ಗದರುವುದು.

"ಯಾರಿಗೆ ಹೋಗೇ ಅಂತ ಹೇಳುದು ನೀವು?" ಎಂದು ಅವರು ಕಂಡಕ್ಟರನ ಮೇಲೆ ಎಗರಿದರು.

"ಅಯ್ಯೋ, ನಿಮಗಲ್ಲ ಮಾರಾಯ್ರೆ! ಕಾಕ ತೋರಿಸಿದ್ದು ಓದಿದ್ದು!"

ಬಸ್ಸಿನೊಳಗೆ ನಗು, ರಿಕ್ಷಾದವರ ನಗು, ಕಡೆಗೆ ವಿಷಯ ಗೊತ್ತಾಗಿ ಆ ಹೆಂಗಸಿನದೂ ನಗು. ಜನ ನೆಗಾಡಿದರೆ ಮುಗಿಯಿತು ಎಂದಿದ್ದರಲ್ಲ ಗಂಡ, ಶುರುವಾಗುವ ಮೊದಲೇ ಮುಗಿಯಿತು ಎಂದುಕೊಂಡೆ. ಕಣ್ಣಲ್ಲಿ ನೀರು ಬಂತು. "ನಡುರಸ್ತೆಯಲ್ಲಿ ನನ್ನ ಮರ್ಯಾದೆ ತೆಗೆದ್ರಲ್ಲ ಕಾಕ! ನಿಮಗೆ ಗೊತ್ತಾಗಿತ್ತಲ್ಲ, ಒಳಗೆ ಕೂರಿಸಿ ಹೇಳ್ಲಿಕ್ಕೆ ಎಂತ ಆಗಿತ್ತು?" ಎಂದು ಕೂಗಾಡಿದೆ.

ಕಾಕ ನನ್ನನ್ನು ಒಳಗೆ ಕೂರಿಸಿ ಚಾ ತರಿಸಿದರು. "ನನಗೆ ಬೆಟ್ಟದ ಕಾಕ ಅಂತ ಯಾಕೆ ಹೇಳುದು, ಗೊತ್ತುಂಟಾ?" ಎಂದು ಕೇಳಿದರು.

ಅವರ ಹಿರಿಯರು ಗುಂಡ್ಯದ ಘಾಟಿಯ ಬುಡದವರು, ಅದಕ್ಕೇ ಆ ಹೆಸರು ಎಂದು ನಾನು ಅಷ್ಟು ವರ್ಷವೂ ನಂಬಿದ್ದೆ. ಹಾಗೆಂದೆ.

"ಎಂತ ಘಾಟಿಯೂ ಇಲ್ಲ. ಕಡಬದಲ್ಲಿ ಮೊದಲ ಅಂಗಡಿ ಹಾಕಿದಾಗ ಬೋರ್ಡು ನಾನೇ ಬರ್ದದ್ದು. 'ಬಟ್ಟೆ ಅಂಗಡಿ' ಅಂತ ಬರೀಬೇಕಲ್ಲ, ಎತ್ವವನ್ನು 'ಟ್ಟ'ಕ್ಕೆ ಕೊಡುದು ಬಿಟ್ಟು 'ಬ'ಕ್ಕೆ ಕೊಟ್ಟೆ. 'ಬೆಟ್ಟ ಅಂಗಡಿ'! ಓಪನಿಂಗಿಗೆ ಬಂದವರೆಲ್ಲ ಶರಬತ್ತು ಕುಡಿದ್ರು, ಬೋರ್ಡು ನೋಡಿದ್ರು, ಲಾಯ್ಕುಂಟು ಅಂದ್ರು, ಹೋದ್ರು. ಒಬ್ಬನೂ ಹೇಳ್ಲಿಲ್ಲ. ನನಗೆ ಬೇಜಾರಾಗ್ತದೆ ಅಂತ, ಪಾಪ. ಎಲ್ಲರಿಗೂ ನನ್ನ ಮೇಲೆ ಪ್ರೀತಿ. ಬೆನ್ನ ಹಿಂದೆ ಮಾತ್ರ ಬೆಟ್ಟದ ಹುಡುಗ. ಬೋರ್ಡು ತೆಗ್ದೆ, ಸುಳ್ಯಕ್ಕೆ ಬಂದೆ, ಹೆಸರು ನನಗಿಂತ ಮೊದಲೇ ಬಸ್ಸು ಹತ್ತಿ ಬಂದಿತ್ತು. ವಯಸ್ಸಾದ ಮೇಲೆ ಬೆಟ್ಟದ ಕಾಕ, ಅಷ್ಟೇ ವ್ಯತ್ಯಾಸ." ಚಾ ಲೋಟ ನನ್ನ ಕಡೆ ಸರಿಸಿದರು. "ಇವತ್ತು ನೆಗಾಡಿದ್ದು ನಿನ್ನ ಫೋನಿಗೆ. ನಾಳೆ ಪ್ಯಾಕೆಟಿಗೆ ನೆಗಾಡಿದ್ರೆ ಅದು ನಿನಗೇ ಅಂಟುದು. ಹೋಗು, ಆ ಎಲೆಯನ್ನು ಬಿಡಿಸು."

ಪ್ರೆಸ್ಸಿಗೆ ಫೋನು ಮಾಡಿ ನಾಳೆ ಬರುತ್ತೇನೆ ಎಂದೆ. ಎಲೆಯನ್ನು ಅಕ್ಷರದ ಕೆಳಗೆ ಇಟ್ಟು ತೋರಿಸಿದರೆ, "ಈಗ ಒತ್ತಕ್ಷರ ಅಂತಾರೆ" ಎಂದು ಕಾಕ ಬೈದರು. ಕೊನೆಗೆ ಅದನ್ನು ಅಕ್ಷರದ ಸಹವಾಸವೇ ಬೇಡ ಎಂದು ಮೂಲೆಗೆ ಹಾಕಿದೆ. ಮರುದಿನ ಮತ್ತೆ ರಸ್ತೆಗೆ ಇಳಿದೆವು. ಹೂ ಮಾರುವವಳು ನಿಲ್ಲದೆ ಓದಿದಳು, "ಪೊಡಿ."

"ಅಡ್ಡಿಲ್ಲ" ಎಂದರು ಕಾಕ.

"ಒಂದು ಸಲ ಲಾಯ್ಕುಂಟು ಅಂತ ಹೇಳಿದ್ರೆ ನಿಮ್ಮ ಗಂಟು ಹೋಗ್ತದಾ?"

"ಓದುವವ ನಿಲ್ಲದೆ ಓದಿದ ಮೇಲೆ ನಾನು ಬೇರೆ ಹೇಳ್ಬೇಕಾ?" ಎಂದರು. ಮೊದಲ ಪ್ಯಾಕೆಟುಗಳನ್ನು ಗಲ್ಲಾಪೆಟ್ಟಿಗೆಯ ಪಕ್ಕ ಇಟ್ಟು, ಸೀರೆಗೆ ಬಂದವರಿಗೆಲ್ಲ ಸಾರಿನ ಹುಡಿ ದಾಟಿಸಿದವರು ಅವರೇ. ಈಗ ಮಿಕ್ಸಿಯ ಜಾಗದಲ್ಲಿ ಗ್ರೈಂಡರ್ ಬಂದಿದೆ, ಗಂಡನೇ ಪಾರ್ಸೆಲ್ ಕಟ್ಟುತ್ತಾರೆ.

ಕಳೆದ ಮಳೆಗಾಲದಲ್ಲಿ ಕಾಕ ತೀರಿಕೊಂಡರು. ಅಂಗಡಿಯ ಬಾಗಿಲು ಹಾಕಿದ್ದನ್ನು ನೋಡಲಾರದೆ ನಾನು ಆ ಬದಿಯ ರಸ್ತೆಯಲ್ಲಿ ನಡೆಯುವುದನ್ನೇ ಬಿಟ್ಟಿದ್ದೆ. ಮೊನ್ನೆ ಅವರ ಮಗಳ ಮೆಸೇಜು ಬಂತು. ಅಂಗಡಿ ಇನ್ನು ತಾನೇ ನೋಡಿಕೊಳ್ಳುತ್ತಾಳಂತೆ, ಹೊಸ ಬೋರ್ಡಿನ ಚಿತ್ರ ಕಳಿಸಿ, "ಹೇಗುಂಟು ಅಕ್ಕ?" ಎಂದು ಕೇಳಿದ್ದಳು. ಸೂಪರ್ ಎಂದು ಒತ್ತಲು ಹೋದ ಬೆರಳು ಅಲ್ಲೇ ನಿಂತಿತು. ಒಲೆ ಆರಿಸಿ ಹೊರಗೆ ಬಂದೆ. ರಸ್ತೆಯ ಬದಿಯಲ್ಲಿ ಒಂದು ರಿಕ್ಷಾ ನಿಂತಿತ್ತು.

"ಇದೆಂತ ಬರ್ದದ್ದು, ಓದಿ ನೋಡುವ" ಎಂದು ಡ್ರೈವರನಿಗೆ ಫೋನು ತೋರಿಸಿದೆ.

"ಬೆಟ್ಟದ ಕಾಕನ ಬಟ್ಟೆ ಅಂಗಡಿ" ಎಂದು ಒಂದೇ ಉಸಿರಿಗೆ ಓದಿದ. "ಓ, ನಮ್ಮ ಕಾಕಂದು! ಪುನಃ ತೆರೀತಾರಾ?"

ಬೆಟ್ಟದ ಎತ್ವ ಬೆಟ್ಟದಲ್ಲಿತ್ತು, ಬಟ್ಟೆಯದ್ದು ಬಟ್ಟೆಯಲ್ಲಿತ್ತು. ಕಣ್ಣು ಮಂಜಾಗಿ ಫೋನಿನ ಅಕ್ಷರಗಳು ಕಾಣಲಿಲ್ಲ, ಸೆರಗಿನಿಂದ ಒರೆಸಿಕೊಂಡು ಬಿಸಿಲಿನಲ್ಲಿ ನಿಂತೇ ಅವಳಿಗೆ ಬರೆದೆ: "ಲಾಯ್ಕುಂಟು. ರಸ್ತೆಗೆ ಇಳಿದು ನೋಡಿಯೇ ಹೇಳುದು."